ಪಾಸ್‌ವರ್ಡ್ ಜೊತೆ ಮೆದುಳಿನ ಅಲೆಯನ್ನೂ ನೋಡಿದರೆ ಲಾಗಿನ್ ಗಟ್ಟಿ ಆಗುತ್ತಾ? (ಅಪ್ಪಯ್ಯನ ತಲೆ ಮೇಲೆ ಪ್ರಯೋಗ ನಡೀತಿದೆ)

ಕಳಲೆ
ಜುಲೈ 11, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ರ, ಓದ್ತಿರೋದು ಶಿವಮೊಗ್ಗದಲ್ಲಿ, ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ. ಪುನರ್ವಸು ಮಳೆ ಹಿಡ್ಕಂಡಾಗಿಂದ ಮನೇಲೇ ಇದೀನಿ. ಪ್ರಾಜೆಕ್ಟ್‌ಗೆ ಒಂದು ವಿಷಯ ಹಿಡಿದಿದೀನಿ, ಗೊತ್ತಿರೋರು ಹೇಳಿ.

ಹಿನ್ನೆಲೆ ಸ್ವಲ್ಪ ಉದ್ದ. ಅಪ್ಪಯ್ಯ ನಮ್ಮೂರ ಕಡೆ ಒಂದು ಸಹಕಾರ ಸಂಘದಲ್ಲಿ ಸೆಕ್ರೆಟರಿ. ಕಂಪ್ಯೂಟರ್ ಒಂದು, ಕೆಲಸದೋರು ಮೂರು ಜನ, ಪಾಸ್‌ವರ್ಡ್ ಒಂದೇ. ಅದನ್ನ ಚೀಟೀಲಿ ಬರೆದು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದಾರೆ. ಜುಲೈ ಹಾಳೆ ಹರಿಯುವಾಗ ಚೀಟಿ ಬಿತ್ತು, ಸಾಲ ಕಟ್ಟಕ್ಕೆ ಬಂದ ಅಜ್ಜ ಒಬ್ರು ಎತ್ತಿ ಕೊಟ್ರಂತೆ, "ಇದೆಂತ ಮಾರಾಯ್ರೆ, ನಿಮ್ಮನೆ ನಾಯಿ ಹೆಸರು" ಅಂತ. ಅಷ್ಟು ಗುಟ್ಟು.

ಬೆರಳಚ್ಚಿನ ಮಷಿನ್ನೂ ತಂದಿದ್ರು. ಮಳೆಗಾಲದಲ್ಲಿ ಚೆನ್ನಾಗೇ ನಡೀತಿತ್ತು. ಆದ್ರೆ ಅಡಿಕೆ ಕೊಯ್ಲು ಶುರುವಾದ್ರೆ ಅಪ್ಪಯ್ಯನೂ ರಾತ್ರಿ ಅಡಿಕೆ ಸುಲಿಯಕ್ಕೆ ಮೆಟ್ಟುಗತ್ತಿ ಮೇಲೆ ಕೂರ್ತಾರೆ. ಹೆಬ್ಬೆರಳು, ತೋರುಬೆರಳು ಎರಡೂ ಚೊಗರು ಹಿಡಿದು ಕಪ್ಪಾಗಿ, ಮೇಲಿನ ಚರ್ಮ ಹೊಟ್ಟು ಏಳುತ್ತೆ. ಕಾರ್ತಿಕದಿಂದ ಸಂಕ್ರಾಂತಿ ತನಕ ಮಷಿನ್ನಿಗೆ ಅಪ್ಪಯ್ಯನ ಗುರುತೇ ಇಲ್ಲ. ಈಗ ಅದರ ಮೇಲೆ ರಬ್ಬರ್ ಸ್ಟ್ಯಾಂಪ್ ಇಡ್ತಾರೆ.

ಬೆರಳು ಸವೆದ್ರೂ ತಲೆ ಸವೆಯಲ್ವಲ್ಲ ಅಂತ ನಂಗೆ ಹೊಳೀತು. ಹುಡುಕಿದ್ರೆ 2013ರಲ್ಲೇ ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಚುವಾಂಗ್ ಮತ್ತವರ ವಿದ್ಯಾರ್ಥಿಗಳು ಇದನ್ನ ಮಾಡಿದಾರೆ. ಹಣೆಗೆ ಒಂದೇ ಸೆನ್ಸರ್ ಇರೋ, ಅಂಗಡೀಲಿ ಸಿಗೋ ಹೆಡ್‌ಸೆಟ್ ಹಾಕ್ಸಿ, ಉಸಿರಾಟದ ಮೇಲೆ ಗಮನ ಇಡಿ, ಮನಸ್ಸಲ್ಲೇ ಹಾಡಿ, ಬೆರಳು ಆಡಿಸಿದ ಹಾಗೆ ಅಂದ್ಕೊಳ್ಳಿ ಅಂತೆಲ್ಲ ಹೇಳಿ ಅಲೆ ಹಿಡಿದ್ರು. ತಪ್ಪು ಶೇ. 1ಕ್ಕಿಂತ ಕಮ್ಮಿ. ಪಾಸ್‌ವರ್ಡ್ ಬದಲು 'ಪಾಸ್‌ಥಾಟ್'.

ಸೀನಿಯರ್ ಒಬ್ರ ಹತ್ರ ಅಂಥದ್ದೇ ಬ್ಯಾಂಡ್ ಇತ್ತು, ಇಸ್ಕಂಡು ಬಂದೆ. ಎಡಹುಬ್ಬಿನ ಮೇಲೆ ಸೆನ್ಸರ್, ಕಿವಿಗೊಂದು ಕ್ಲಿಪ್, ಸೆಕೆಂಡಿಗೆ 512 ಸಲ ಅಳೆಯುತ್ತೆ. ಪಾಸ್‌ವರ್ಡ್ ಹೊಡೆದು 10 ಸೆಕೆಂಡು ಕಣ್ಣು ಮುಚ್ಚಿ ಒಂದು ಯೋಚನೆ ಮಾಡ್ಬೇಕು. ಅಪ್ಪಯ್ಯ ತೋಟದ ಮೊದಲ ಸಾಲಿನ ಮರ ಎಣಿಸಿದ್ರು. ಅಮ್ಮ ಸೋಬಾನೆ ಹಾಡು ಒಳಗೊಳಗೇ ಹೇಳ್ಕಂಡ್ರು. ಚಿಕ್ಕಪ್ಪ ಎಂತ ಯೋಚಿಸಿದ್ರೋ ಹೇಳಲ್ಲ ಅಂದ್ರು. ನಾನೂ ಸೇರಿ 4 ಜನ, ತಲಾ 20 ಸಲ. ಆ ಅಲೆ ನೋಡಿ ಇದು ಯಾರು ಅಂತ ಹೇಳಕ್ಕೆ ಒಂದು ಪ್ರೋಗ್ರಾಂಗೆ (ಮಾಡೆಲ್) ಕಲಿಸಿದೆ.

ನಾವು ಮೂವರೂ ಒಬ್ಬರಿಗೊಬ್ಬರು ಅಲ್ಲಲ್ಲಿ ಅದಲುಬದಲು ಆದ್ವಿ. ಅಪ್ಪಯ್ಯ ಮಾತ್ರ ಒಂದು ಸಲಾನೂ ತಪ್ಪಲಿಲ್ಲ. ಬೇರೆಯವರ 60 ಸಲದಲ್ಲಿ ಒಬ್ರೂ ಅಪ್ಪಯ್ಯನಾಗಿ ಒಳಗೆ ಹೋಗಲಿಲ್ಲ. ಗಾಮಾ ಅಂತ 30ರಿಂದ 60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಏಳುವ ಅಲೆ) ಪಟ್ಟಿ ತಗಂಡಿದೀನಿ, ಅದ್ರಲ್ಲಿ ಅಪ್ಪಯ್ಯಂದು ನಮ್ಮೆಲ್ಲರಿಗಿಂತ ಭಾರೀ ಕಮ್ಮಿ. ತಲೆ ಒಳಗೆ ಓಡಾಟ ಕಮ್ಮಿ ಅಂತಾನಾ ಅಂತ ಅಮ್ಮ ಕೇಳಿದ್ರು, "ನಂಗೆ ಮದುವೆ ಆದ ವರ್ಷವೇ ಗೊತ್ತಿತ್ತು" ಅಂದ್ರು.

ಕೇಳ್ಬೇಕಾಗಿರೋದು ಎರಡು. ಇದನ್ನ ನಂಬಬಹುದಾ? ಮತ್ತೆ, ಅಲೆಯ ಅಂಕಿಗಳನ್ನ ಪಾಸ್‌ವರ್ಡ್ ಬಾಲಕ್ಕೆ ಸೇರಿಸಿ ಒಟ್ಟಿಗೆ ಹ್ಯಾಶ್ (ತಿರುಗಿ ಬಿಡಿಸಕ್ಕಾಗದ ಗುರುತಿನ ಅಂಕಿಸಾಲು) ಮಾಡಕ್ಕೆ ನೋಡಿದೆ, ಎರಡು ಸಲ ಒಂದೇ ಥರ ಬರಲೇ ಇಲ್ಲ. ಬೇರೆ ದಾರಿ ಏನು? ನಾಲ್ಕೂ ಜನರ ಕಚ್ಚಾ ಫೈಲ್ ಕೆಳಗೆ ಹಾಕಿದೀನಿ.

---

ರಾಶಿ ಇಡಿ
ಜುಲೈ 11, ರಾತ್ರಿ 11:20

ತಂಗಿ, ಅಡಿಕೆ ರೇಟ್ ಬಿದ್ದ ದಿನ ನಿಮ್ಮಪ್ಪಯ್ಯನ ಅಲೆ ಹಾಗೇ ಇರುತ್ತಾ? ನಮ್ಮ ಮನೇಲಿ ಮಂಡಿಯಿಂದ ಫೋನ್ ಬಂದಮೇಲೆ ಅಪ್ಪ ಬೇರೆ ಮನುಷ್ಯ. ಹೆಂಡತಿ ಮಕ್ಕಳಿಗೇ ಲಾಗಿನ್ ಸಿಗಲ್ಲ.

ತಮಾಷೆ ಅಲ್ಲ, ಕೇಳ್ತಿದೀನಿ. ತೋಟಕ್ಕೆ ಕೊಳೆಔಷಧಿ ಹೊಡೆದು ಸುಸ್ತಾಗಿ ಬಂದ ದಿನ, ಜ್ವರ ಬಂದ ದಿನ, ಕಾಫಿ ಕುಡಿದ ಮೇಲೆ, ಎಲ್ಲಾ ನೋಡಿದೀರಾ?

---

ಗಾಜನೂರು
ಜುಲೈ 12, ಬೆಳಿಗ್ಗೆ 7:05

ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಈಈಜಿ (ಮೆದುಳಿನ ಅಲೆಯ ದಾಖಲೆ) ತೆಗೆಯುವವಳು, 18 ವರ್ಷ ಆಯ್ತು. ಕಂಪ್ಯೂಟರ್ ವಿಷಯ ನನಗೆ ಬರಲ್ಲ, ತಲೆ ಮೇಲೆ ತಂತಿ ಹಚ್ಚೋದು ಬರುತ್ತೆ.

ಮೊದಲ ಮಾತು: ಆ ಫೈಲುಗಳನ್ನು ಈಗಲೇ ತೆಗೀರಿ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಅಮ್ಮನ ತಲೆ ಬದಲಾಯಿಸಕ್ಕೆ ಆಗಲ್ಲ. ಮಕ್ಕಳಲ್ಲಿ ಕೆಲವು ಥರದ ಮೂರ್ಛೆ ಇದ್ದರೆ ಸೆಕೆಂಡಿಗೆ 3ರ ಲೆಕ್ಕದಲ್ಲಿ ಚೂಪು ಅಲೆ ಬರುತ್ತೆ, ನೋಡಿದ ಕೂಡಲೇ ನಮಗೆ ಗೊತ್ತಾಗುತ್ತೆ. ನಿದ್ದೆ ಮಾತ್ರೆ ತಗೊಂಡವರದ್ದೂ ಬೇರೆ ಥರ ಕಾಣುತ್ತೆ. ನಿಮ್ಮ ಒಂದು ಸೆನ್ಸರಿನಲ್ಲಿ ಅಷ್ಟೆಲ್ಲ ಕಾಣದೇ ಇರಬಹುದು. ಆದರೂ ಅದು ಮನೆಯವರ ಆರೋಗ್ಯದ ವಿಷಯ, ಬೀದಿಗೆ ಹಾಕುವಂಥದ್ದಲ್ಲ.

ಇನ್ನು ನಿಮ್ಮ ಪ್ರಶ್ನೆ. ಮೆದುಳಿನ ಅಲೆ ಎಂದರೆ ಮೈಕ್ರೋವೋಲ್ಟ್ ಲೆಕ್ಕ, ಒಂದು ವೋಲ್ಟಿನ 10 ಲಕ್ಷದ ಒಂದು ಪಾಲು. ಕಣ್ಣು ಮುಚ್ಚಿ ಆರಾಮಾಗಿ ಕೂತಾಗ ಸೆಕೆಂಡಿಗೆ 8ರಿಂದ 13ರ ಆಲ್ಫಾ ಬರುತ್ತೆ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ತಲೆಯಿಂದ ಅಲೆ ಹಿಡಿದು, 1929ರಲ್ಲಿ ಪ್ರಕಟಿಸಿದ್ದರಲ್ಲಿ ಈ ಆಲ್ಫಾನೇ ದೊಡ್ಡ ಸುದ್ದಿ. ಅದು ಎದ್ದು ಕಾಣೋದು ತಲೆಯ ಹಿಂಭಾಗದಲ್ಲಿ, ಜುಟ್ಟು ಬಿಡ್ತಿದ್ದರಲ್ಲ ಅದರ ಕೆಳಗೆ. ನಿಮ್ಮ ಸೆನ್ಸರ್ ಇರೋದು ಹಣೆ ಮೇಲೆ. ಅಲ್ಲಿ ಮೊದಲು ಸಿಗೋದು ರೆಪ್ಪೆ, ಹುಬ್ಬು, ದವಡೆ. ಒಂದು ಸಲ ಕಣ್ಣು ಮಿಟುಕಿಸಿದರೆ ಮೆದುಳಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡ ಗೆರೆ ಏಳುತ್ತೆ. ನೀವು ಗುರುತು ಹಿಡೀತಿರೋದು ಅಪ್ಪಯ್ಯ ಹುಬ್ಬು ಗಂಟಿಕ್ಕುವ ರೀತಿಯನ್ನೂ ಇರಬಹುದು. ಮರ ಎಣಿಸುವಾಗ ಮುಚ್ಚಿದ ರೆಪ್ಪೆ ಒಳಗೆ ಕಣ್ಣುಗುಡ್ಡೆ ಓಡಾಡುತ್ತೆ, ಅದೂ ಬರುತ್ತೆ.

ಆದರೆ ನನಗೆ ಅನುಮಾನ ಬಂದದ್ದು ಆ ಗಾಮಾ ಮೇಲೆ. 30ರಿಂದ 60 ಅಂದ್ರಿ. ನಡುವೆ 50 ಇದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಗೋಡೆಯ ವೈರಿನಿಂದ ಅದರ ಗದ್ದಲ ಏನೂ ಮುಟ್ಟದೇ ಮೈಗೆ ಬರುತ್ತೆ, ನಿಮ್ಮ ಲೆಕ್ಕದಲ್ಲಿ ಅದೂ ಗಾಮಾಗೆ ಸೇರುತ್ತೆ. ನಾವು ರೆಕಾರ್ಡಿಂಗ್ ತೆಗೆಯುವ ಮೊದಲು ಪಕ್ಕದ ಮೊಬೈಲ್ ಚಾರ್ಜರ್ ಕೀಳಿಸ್ತೀವಿ, ಟ್ಯೂಬ್‌ಲೈಟ್ ಆರಿಸ್ತೀವಿ.

ಒಂದು ಹೇಳಿ: ಅಪ್ಪಯ್ಯನ 20 ಸಲವೂ ಒಂದೇ ಹೊತ್ತಲ್ಲಿ ತೆಗೆದಿರಾ? ಆಗ ಮನೇಲಿ ಕರೆಂಟ್ ಇತ್ತಾ?

---

ಕಳಲೆ
ಜುಲೈ 12, ಬೆಳಿಗ್ಗೆ 8:40

ಅಕ್ಕ, ಫೈಲ್ ತೆಗೆದೆ. ಇಳಿಸಿಕೊಂಡವರು ದಯವಿಟ್ಟು ಅಳಿಸಿಬಿಡಿ.

ಕರೆಂಟ್ ಇರಲಿಲ್ಲ.

ನಮ್ಮ ಮೂವರದ್ದು ಭಾನುವಾರ ಮಧ್ಯಾಹ್ನ ತೆಗೆದದ್ದು, ಕರೆಂಟ್ ಇತ್ತು. ಅಪ್ಪಯ್ಯ ಸಂಘದಿಂದ ಬರೋದು ಸಂಜೆ. ಸೋಮವಾರ ಸಂಜೆ ಗಾಳಿಗೆ ಮೇಲಿನ ತಿರುವಲ್ಲಿ ಹಲಸಿನ ಮರ ಲೈನ್ ಮೇಲೆ ಬಿದ್ದು ರಾತ್ರಿ ಪೂರ್ತಿ ಕರೆಂಟ್ ಇಲ್ಲ. ಇನ್ವರ್ಟರ್ ಬ್ಯಾಟರಿ ಹೋದ ವರ್ಷವೇ ಸತ್ತಿದೆ. ಬೇರೆ ಎಂತ ಕೆಲಸ ಇಲ್ಲ ಅಂತ ಟಾರ್ಚ್ ಹಚ್ಚಿಟ್ಟು, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಅಪ್ಪಯ್ಯಂದು 20 ಸಲವೂ ಒಂದೇ ಕೂರಿಕೇಲಿ ಮುಗಿಸಿದ್ದೆ.

ಇವತ್ತು ಇನ್ನೊಂದ್ಸಲ ತೆಗೀತೀನಿ. ಅಮ್ಮಂಗೆ ಇನ್ನೂ ಹೇಳಿಲ್ಲ.

---

ಮೇಗರವಳ್ಳಿ ಬಸ್ಸು
ಜುಲೈ 12, ಮಧ್ಯಾಹ್ನ 1:15

ಗಾಜನೂರಿನ ಅಕ್ಕನಿಗೆ ದೊಡ್ಡ ನಮಸ್ಕಾರ. ನಾನು ಬೆಂಗಳೂರಲ್ಲಿ ಇದೇ ಲಾಗಿನ್, ಭದ್ರತೆ ಕೆಲಸ ಮಾಡುವವನು. ಆ ಪ್ರಶ್ನೆ ನನಗೆ ಹೊಳೀತಿರಲಿಲ್ಲ.

ಉಳಿದದ್ದು ನಾನು ಹೇಳ್ತೀನಿ. ಮೊದಲು ಹ್ಯಾಶ್. ಪಾಸ್‌ವರ್ಡ್ ತಾಳೆ ನೋಡೋದು ಬೀಗದ ಕೆಲಸ, ಅಲೆ ತಾಳೆ ನೋಡೋದು ಮಂಡಿಯಲ್ಲಿ ಅಡಿಕೆ ದರ್ಜೆ ಮಾಡುವ ಕೆಲಸ. ಬೀಗಕ್ಕೆ 'ಸುಮಾರು ಇದೇ ಕೀ' ಅನ್ನೋದಿಲ್ಲ. ಹ್ಯಾಶ್ ಹಾಗೇ ಕಟ್ಟಿರೋದು, ಒಂದು ಬಿಟ್ ಬದಲಾದರೂ ಪೂರ್ತಿ ಬೇರೆ ಉತ್ತರ ಬರಬೇಕು. ಮಂಡಿಯಲ್ಲಿ ಕೈಗೆ ತಗೊಂಡು, ಬಣ್ಣ ನೋಡಿ, ಇದು ರಾಶಿ, ಇದು ಬೆಟ್ಟೆ, ಇದು ಸರಕು ಅಂತಾರಲ್ಲ, ಅದು ಅಂದಾಜು. ಎರಡು ಕಾಳು ಒಂದೇ ಥರ ಇರಲ್ಲ, ಆದರೂ ದರ್ಜೆ ಒಂದೇ. ನಿಮ್ಮ ಅಂಕಿಗಳು ಎಂದೂ ಎರಡು ಸಲ ಒಂದೇ ಬರಲ್ಲ, ಅದಕ್ಕೇ ಬೀಗ ತೆರೀಲಿಲ್ಲ.

ಈ ಎರಡನ್ನೂ ಕೂಡಿಸಕ್ಕೆ ಜನ ತಲೆ ಕೆಡಿಸ್ಕೊಂಡಿದ್ದಾರೆ. 1999ರಲ್ಲಿ ಮೊನ್ರೋಸ್, ರೈಟರ್, ವೆಟ್ಜೆಲ್ ಎಂಬ ಮೂವರು ಟೈಪ್ ಮಾಡುವ ಲಯವನ್ನೇ ಪಾಸ್‌ವರ್ಡಿಗೆ ಬೆರೆಸಿ ಗಟ್ಟಿ ಮಾಡುವ ವಿಧಾನ ಬರೆದರು. ಅಕ್ಷರ ಗೊತ್ತಿದ್ದರೂ ಲಯ ಬೇರೆ ಇದ್ದರೆ ಕೀ ಹುಟ್ಟಲ್ಲ. ನಿಮ್ಮ ಪ್ರಾಜೆಕ್ಟಿನ ಅಜ್ಜ ಅದೇ. 2004ರಲ್ಲಿ ಡೋಡಿಸ್, ರೈಝಿನ್, ಸ್ಮಿತ್ ಅವರ 'ಫಝಿ ಎಕ್ಸ್‌ಟ್ರಾಕ್ಟರ್' ಬಂತು. ಅಳತೆ ಸ್ವಲ್ಪ ಅತ್ತಿತ್ತ ಆದರೂ ಅದೇ ಕೀ ಹೊರಡುವ ಹಾಗೆ ಪಕ್ಕದಲ್ಲಿ ಒಂದಿಷ್ಟು ತಿದ್ದುಪಡಿ ಮಾಹಿತಿ ಇಟ್ಟುಕೊಳ್ಳೋದು. ಆದರೆ ಎಷ್ಟು ಜಾಸ್ತಿ ಕ್ಷಮಿಸ್ತೀರೋ ಗುಟ್ಟು ಅಷ್ಟು ತೆಳುವಾಗುತ್ತೆ. ನಿಮ್ಮ ಹಣೆಯ ಸೆನ್ಸರ್ ಕೊಡುವ ಗದ್ದಲಕ್ಕೆ ಕ್ಷಮೆ ಕೊಡ್ತಾ ಹೋದರೆ ಕೊನೆಗೆ ನಾಯಿ ಹೆಸರೊಂದೇ ಉಳಿಯೋದು.

ಹಾಗಾಗಿ ಬೆರೆಸಬೇಡಿ. ಪಾಸ್‌ವರ್ಡ್ ಎಂದಿನ ಹಾಗೆ ಬೀಗವಾಗಿರಲಿ. ಅದು ತೆರೆದ ಮೇಲೆ ಅಲೆಗೆ ಒಂದು ಅಂಕ ಕೊಟ್ಟು, ಇಷ್ಟಕ್ಕಿಂತ ಕಮ್ಮಿ ಇದ್ದರೆ ಬೇಡ ಅನ್ನಿ. ಆ ಗಡಿ ಎಲ್ಲಿ ಹಾಕ್ತೀರಿ ಅನ್ನೋದರಲ್ಲೇ ಎಲ್ಲ ಜಗಳ. ಬಿಗಿ ಮಾಡಿದರೆ ಅಪ್ಪಯ್ಯನೇ ಹೊರಗೆ, ಸಡಿಲ ಮಾಡಿದರೆ ಊರೆಲ್ಲ ಒಳಗೆ. ಅಪ್ಪಯ್ಯ ದಿನಕ್ಕೆ 10 ಸಲ ಲಾಗಿನ್ ಆಗ್ತಾರೆ ಅನ್ನಿ. ನೂರಕ್ಕೆ 5 ಸಲ ತಪ್ಪಾಗಿ ತಳ್ಳಿದರೂ ಎರಡು ದಿನಕ್ಕೊಮ್ಮೆ, ಎದುರಿಗೆ ಜನ ನಿಂತಿರುವಾಗ, ಕಣ್ಣು ಮುಚ್ಚಿ ಮತ್ತೆ ಮರ ಎಣಿಸಬೇಕು. ಮೂರನೇ ವಾರಕ್ಕೆ ಬ್ಯಾಂಡ್ ರಬ್ಬರ್ ಸ್ಟ್ಯಾಂಪಿನ ಪಕ್ಕಕ್ಕೆ ಹೋಗುತ್ತೆ.

'60ರಲ್ಲಿ ಒಂದೂ ತಪ್ಪಿಲ್ಲ' ಅಂದ್ರಿ. ಕರೆಂಟಿನ ಕತೆ ಬಿಟ್ಟರೂ, ಒಂದೂ ತಪ್ಪಿಲ್ಲದ 60 ಪ್ರಯತ್ನದಿಂದ ಹೇಳಬಹುದಾದ್ದು 'ನಿಜವಾದ ತಪ್ಪು ಶೇ. 5ರವರೆಗೂ ಇರಬಹುದು' ಅಂತ ಮಾತ್ರ. 3ನ್ನು ಪ್ರಯತ್ನದ ಸಂಖ್ಯೆಯಿಂದ ಭಾಗಿಸಿ, ಸಂಖ್ಯಾಶಾಸ್ತ್ರದ ಹಳೇ ಕೈಲೆಕ್ಕ. ಶೇ. 1 ಅನ್ನಬೇಕಾದರೆ ತಪ್ಪಿಲ್ಲದ 300 ಬೇಕು, ಅದೂ ಬೇರೆ ಬೇರೆ ಜನರದ್ದು. ಚಿಕ್ಕಪ್ಪನನ್ನೇ 300 ಸಲ ಕೂರಿಸಿದರೆ ಲೆಕ್ಕಕ್ಕಿಲ್ಲ.

ಹಾಗಂತ ಇದೆಲ್ಲ ಸುಳ್ಳು ವಿದ್ಯೆ ಅಂತಲ್ಲ. ಪಾಸ್‌ಥಾಟ್ ಅನ್ನುವ ಮಾತು 2005ರಿಂದಲೇ ಇದೆ, ಕೆನಡಾದ ಕಾರ್ಲ್‌ಟನ್‌ನವರು ಇಟ್ಟದ್ದು. 2016ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 50 ಜನರಿಗೆ 500 ಚಿತ್ರ ಸರಸರ ತೋರಿಸಿ, ಅದಕ್ಕೆ ಮೆದುಳು ಕೊಟ್ಟ ಪ್ರತಿಕ್ರಿಯೆಯಿಂದ ಎಲ್ಲರನ್ನೂ ತಪ್ಪಿಲ್ಲದೆ ಗುರುತಿಸಿದರು. ಅದರಲ್ಲಿ ನನಗೆ ಹಿಡಿಸಿದ್ದು, ಸೋರಿದರೆ ಚಿತ್ರಗಳನ್ನು ಬದಲಾಯಿಸಿ ಹೊಸ ಗುರುತು ಮಾಡಬಹುದು ಅನ್ನೋದು. ಆದರೆ ಅದು ತಲೆ ತುಂಬ ತಂತಿ ಇಟ್ಟು ಪ್ರಯೋಗಾಲಯದಲ್ಲಿ ಮಾಡಿದ್ದು. ಸಂಘದ ಕೌಂಟರ್ ಅಲ್ಲ.

ಈಗ ನನಗೆ ಅತ್ಯಂತ ಭಯದ ಸಂಗತಿ, ಇದನ್ನ ಯಾರೂ ಕೇಳಿಲ್ಲ. ನೀವು ಬ್ಯಾಂಡ್ ಹಾಕ್ಕೊಂಡೇ ಪಾಸ್‌ವರ್ಡ್ ಟೈಪ್ ಮಾಡಿಸ್ತಿದೀರಿ ಅಲ್ವಾ? 2017ರಲ್ಲಿ ಅಮೆರಿಕದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು ಅದನ್ನೇ ನೋಡಿದರು. ಹೆಡ್‌ಸೆಟ್ ಹಾಕಿದವರು ಸುಮಾರು 200 ಅಕ್ಷರ ಟೈಪ್ ಮಾಡಿದ ಮೇಲೆ, ಕೆಟ್ಟ ಸಾಫ್ಟ್‌ವೇರ್ ಒಂದು ಅಲೆ ನೋಡಿಯೇ ಮುಂದಿನ ಪಿನ್ ಊಹಿಸಬಹುದು. 4 ಅಂಕಿಯ ಪಿನ್ ಸರಿಯಾಗಿ ಊಹಿಸುವ ಸಾಧ್ಯತೆ 10,000ಕ್ಕೆ ಒಂದು ಇದ್ದದ್ದು 20ಕ್ಕೆ ಒಂದಾಯ್ತು. ಬಾಗಿಲು ಗಟ್ಟಿ ಮಾಡಕ್ಕೆ ಕರೆದ ಬಡಗಿಯೇ ಕೀ ಅಚ್ಚು ತೆಗೆದುಕೊಂಡ ಹಾಗೆ. ಆದ್ದರಿಂದ ಪಾಸ್‌ವರ್ಡ್ ಮೊದಲು, ಬ್ಯಾಂಡ್ ಆಮೇಲೆ. ಎರಡೂ ಒಟ್ಟಿಗೆ ಬೇಡ.

ಅಪ್ಪಯ್ಯನ ಸಂಘಕ್ಕೆ ಬೇಕಾಗಿರೋದು ಇದ್ಯಾವುದೂ ಅಲ್ಲ. ಮೂರು ಜನಕ್ಕೆ ಮೂರು ಲಾಗಿನ್, ತಲಾ ಒಂದು ಯುಎಸ್‌ಬಿ ಸೆಕ್ಯುರಿಟಿ ಕೀ (ಲಾಗಿನ್ ಆಗುವಾಗ ಕಂಪ್ಯೂಟರಿಗೆ ಸಿಕ್ಕಿಸಿ ಒತ್ತುವ ಚಿಕ್ಕ ಸಾಧನ), ಸೊಂಟದ ಕೀಗೊಂಚಲಿಗೆ. ಚೊಗರು ಬೆರಳಲ್ಲೂ ಒತ್ತಬಹುದು, ಅದು ಬೆರಳಿನ ಗೆರೆ ನೋಡಲ್ಲ.

---

ಕಳಲೆ
ಜುಲೈ 15, ರಾತ್ರಿ 9:30

ಮೂರು ದಿನ ಬೇಕಾಯ್ತು. ಕರೆಂಟ್ ಬಂದಾಗ ಒಂದಿಷ್ಟು, ಹೋದಾಗ ಒಂದಿಷ್ಟು. ಪ್ರಯೋಗಕ್ಕೆ ಇಷ್ಟು ಅನುಕೂಲದ ಊರು ಇನ್ನೊಂದಿಲ್ಲ.

ಹಳೇ ಮಾಡೆಲ್ ಹಾಗೇ ಇಟ್ಟು, ಕರೆಂಟ್ ಇರುವಾಗ ಅಪ್ಪಯ್ಯನ್ನ ಕೂರಿಸಿದೆ. 20ರಲ್ಲಿ 17 ಸಲ "ನೀವು ಅಪ್ಪಯ್ಯ ಅಲ್ಲ" ಅಂತು. ರಾತ್ರಿ ಕರೆಂಟ್ ಹೋದ ಕೂಡಲೇ ನಾನು ಕೂತೆ. 14 ಸಲ ಅಪ್ಪಯ್ಯ ಅಂತ ಒಳಗೆ ಬಿಟ್ಟುಕೊಂಡ್ತು. ಮರ ಗಿರ ಎಂತ ಎಣಿಸಿಲ್ಲ ನಾನು, ಒಲೆ ಮೇಲಿದ್ದ ಕಳಲೆ ಪಲ್ಯ ಉಕ್ಕುತ್ತಾ ಅಂತ ಯೋಚಿಸ್ತಿದ್ದೆ. ಅಂದ್ರೆ ಒಂದು ವಾರ ನಾನು ಕಟ್ಟಿದ್ದು ಮನೇಲಿ ಕರೆಂಟ್ ಇದೆಯೋ ಇಲ್ವೋ ಅಂತ ಹಣೆ ಮೂಲಕ ಹೇಳುವ ಯಂತ್ರ. ಅದಕ್ಕೆ ಬಲ್ಬ್ ಸಾಕಿತ್ತು.

ಬ್ಯಾಂಡಿನ ಸೆಟ್ಟಿಂಗ್ ನೋಡಿದ್ರೆ ಗದ್ದಲ ಸೋಸುವ ಫಿಲ್ಟರ್ 60 ಹರ್ಟ್ಸ್‌ಗೆ ಇತ್ತು, ಅಮೆರಿಕದ ಕರೆಂಟಿಗೆ. 50ಕ್ಕೆ ಹಾಕಿ, ಗಾಮಾ ಪೂರ್ತಿ ಬಿಟ್ಟು, ನಾಲ್ಕೂ ಜನರದ್ದು ಹೊಸದಾಗಿ ತೆಗೆದೆ. ಒಂದು ದಿನ ಕಲಿಸಿ ಮಾರನೇ ದಿನ ಪರೀಕ್ಷೆ. ಅಪ್ಪಯ್ಯನ್ನ 20ರಲ್ಲಿ 12 ಸಲ ಹಿಡೀತು. ಬೇರೆಯವರ 60ರಲ್ಲಿ 13 ಸಲ ಒಳಗೆ ಬಿಟ್ಟಿತು, ಅದ್ರಲ್ಲಿ 9 ಚಿಕ್ಕಪ್ಪನೇ. ಅಣ್ಣತಮ್ಮಂದಿರ ಹುಬ್ಬು ಒಂದೇ ಥರ ಅಂತ ಅಮ್ಮನ ವಾದ. ಗಾಜನೂರಿನ ಅಕ್ಕ ಹೇಳಿದ್ದಕ್ಕೂ ಅದು ಹೊಂದುತ್ತೆ, ಆದ್ರೆ ಇಷ್ಟರಿಂದ ಹಾಗನ್ನಕ್ಕಾಗಲ್ಲ ಅಂತ ಈಗ ಗೊತ್ತು. ಅಂದಹಾಗೆ ಗಾಮಾ ವಿಷಯ ಅಮ್ಮಂಗೆ ಹೇಳಿದೆ. "ಕರೆಂಟಿಂದೋ ಎಂತದೋ, ನನ್ನ ಅಭಿಪ್ರಾಯ ಅದೇ" ಅಂದ್ರು.

ರಾಶಿ ಇಡಿ ಅಣ್ಣ, ಕೊಳೆಔಷಧಿ ಹೊಡೆದ ದಿನ ಸಂಜೆ ತೆಗೆದದ್ದೂ ಇದೆ. ಅಪ್ಪಯ್ಯ ಮೂರನೇ ಸಲಕ್ಕೇ ಕೂತಲ್ಲೇ ನಿದ್ದೆ ಹೋದ್ರು. ಫೈಲ್ ಇಟ್ಟಿದೀನಿ, ಒಂದರಲ್ಲಿ ಗೊರಕೆಗೆ ಬ್ಯಾಂಡ್ ಅಲ್ಲಾಡಿದ್ದು ಸಮೇತ ಕಾಣುತ್ತೆ.

ಬಸ್ಸಣ್ಣ, ಪಾಸ್‌ವರ್ಡ್ ಮತ್ತು ಬ್ಯಾಂಡ್ ಬೇರೆ ಬೇರೆ ಮಾಡಿದೆ. ಪ್ರಾಜೆಕ್ಟ್ ಬಿಡಲ್ಲ, ಹೆಸರು ಬದಲಾಯಿಸ್ತೀನಿ. ಒಂದೇ ಕೂರಿಕೇಲಿ ಚೆನ್ನಾಗಿ ಬಂದದ್ದು ಮಾರನೇ ದಿನಕ್ಕೆ ಎಷ್ಟು ಉಳಿಯುತ್ತೆ, ಕರೆಂಟ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಅಂತ ಅಳೆಯೋದು. ಹಾಸ್ಟೆಲ್‌ನಲ್ಲಿ 30 ಹುಡುಗೀರು ಒಪ್ಪಿದಾರೆ, ಬರೆದು ಸಹಿ ಹಾಕ್ಸಿಕೊಳ್ತೀನಿ, ಫೈಲ್ ಹೊರಗೆ ಹೋಗಲ್ಲ. ಸಂಘಕ್ಕೆ ಮೂರು ಲಾಗಿನ್ ಮಾಡಿಸಕ್ಕೆ ಅಪ್ಪಯ್ಯ ಅರ್ಜಿ ಬರೆದಿದಾರೆ. ಯುಎಸ್‌ಬಿ ಕೀ ವಿಷಯ ಮುಂದಿನ ಮೀಟಿಂಗಿಗೆ.

ಅಕ್ಕ, ಒಂದೇ ಪ್ರಶ್ನೆ. ಅಮ್ಮಂದು ಸುಮಾರು ಸಲ ಸಿಗ್ನಲ್ಲೇ ಬರ್ತಿರಲಿಲ್ಲ. ಆಸ್ಪತ್ರೇಲಿ ಹಚ್ತೀರಲ್ಲ ಆ ಪೇಸ್ಟ್ ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತೆ?

---

ಗಾಜನೂರು
ಜುಲೈ 16, ಬೆಳಿಗ್ಗೆ 6:50

ಅದು ಒಣ ಸೆನ್ಸರ್, ಪೇಸ್ಟ್ ಹಚ್ಚಬೇಡಿ. ಅಮ್ಮ ತಲೆಗೆ ಕೊಬ್ಬರಿ ಎಣ್ಣೆ ಹಾಕಿ ಹಣೆಗೂ ಇಳಿದಿರುತ್ತೆ, ಅದೇ ಕಾರಣ ಇರಬೇಕು. ಹತ್ತಿಯಲ್ಲಿ ಸ್ಪಿರಿಟ್ ತಗೊಂಡು ಹಣೆ, ಕಿವಿಯ ಹಾಲೆ ಎರಡನ್ನೂ ಒರೆಸಿ, ಒಣಗಲು ಬಿಟ್ಟು ಆಮೇಲೆ ಬ್ಯಾಂಡ್ ಹಾಕಿ. ಕ್ಲಿಪ್ ಹಾಕುವ ಕಿವಿಯ ಓಲೆ ಬಿಚ್ಚಿಸಿ. ಹಾಸ್ಟೆಲ್‌ನಲ್ಲೂ ಅಷ್ಟೇ, ತಲೆಗೆ ಎಣ್ಣೆ ಹಚ್ಚುವ ಭಾನುವಾರ ಬೇಡ.